ದಿನಾ ಇಷ್ಟೊಂದು ಆಕ್ಸಿಡೆಂಟ್ ಆಗುತ್ತವೆ, ಆದರೂ ಒಂದು ಕಿಡ್ನಿಗೆ ವರ್ಷಗಟ್ಟಲೆ ಕಾಯಬೇಕು ಯಾಕೆ?

ಶಿರಾದವಳು:

ಎಲ್ಲರಿಗೂ ನಮಸ್ಕಾರ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ, ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರಿಗೆ 44 ವರ್ಷ. ಎರಡೂ ಕಿಡ್ನಿ ಹೋಗಿ ಮೂರು ವರ್ಷ ಆಯಿತು. ಬಿಪಿ ಇತ್ತು, ಮಾತ್ರೆ ಸರಿಯಾಗಿ ನುಂಗಲಿಲ್ಲ, ಅಷ್ಟೇ ಕಥೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಆಗುತ್ತದೆ, ಅದೊಂದು ಪುಣ್ಯ. ಆದರೆ ಆ ದಿನ ಮನುಷ್ಯ ಹಿಂಡಿದ ಬಟ್ಟೆಯ ಹಾಗೆ ಬಂದು ಬಿದ್ದುಕೊಳ್ಳುತ್ತಾರೆ. ನೀರು ದಿನಕ್ಕೆ ಅಳೆದು ಮುಕ್ಕಾಲು ಲೀಟರ್. ಮನೆ ಸುತ್ತ ತೆಂಗಿನ ತೋಟ ಇದೆ, ಎಳನೀರು ಬಾಯಿಗೆ ಇಡುವ ಹಾಗಿಲ್ಲ, ಪೊಟ್ಯಾಸಿಯಂ ಏರುತ್ತದಂತೆ.

ಬೆಂಗಳೂರಿನ ಆಸ್ಪತ್ರೆ ಮೂಲಕ ಜೀವಸಾರ್ಥಕತೆಯ (ಅಂಗಾಂಗ ಹಂಚುವ ಸರ್ಕಾರಿ ಸಂಸ್ಥೆ) ಪಟ್ಟಿಯಲ್ಲಿ ಹೆಸರು ಬರೆಸಿ ಎರಡು ವರ್ಷ ದಾಟಿತು. ಅವರದು ಎ ಪಾಸಿಟಿವ್, ನನ್ನದು ಬಿ. "ನಿಮ್ಮದು ಮ್ಯಾಚ್ ಆಗಲ್ಲಮ್ಮ" ಅಂತ ಒಂದೇ ಮಾತಲ್ಲಿ ಕಳಿಸಿದರು. ಅತ್ತೆಗೆ ಶುಗರ್. ಮೈದುನನದು ಎ ಗುಂಪೇ, ಆದರೆ ಟೆಸ್ಟಿಗೆ ಬಾ ಅಂದ ದಿನದಿಂದ ಫೋನ್ ಎತ್ತುತ್ತಿಲ್ಲ.

ನನ್ನ ಪ್ರಶ್ನೆ ಏನಂದರೆ, ಹೈವೇ ಪಕ್ಕದ ಊರು ನಮ್ಮದು, ವಾರಕ್ಕೊಂದು ಆಕ್ಸಿಡೆಂಟ್ ಕಣ್ಣಾರೆ ನೋಡುತ್ತೇವೆ. ಅಷ್ಟು ಜನ ಸಾಯುವಾಗ ಕಿಡ್ನಿ ಯಾಕೆ ಸಿಗುವುದಿಲ್ಲ? ಬರೆಯುವುದಕ್ಕೂ ನಾಚಿಕೆ ಆಗುತ್ತದೆ, ಪೇಪರಲ್ಲಿ ಬೈಕ್ ಸವಾರ ಸತ್ತ ಅಂತ ಓದಿದ ಕೂಡಲೇ ಮನಸ್ಸು ಏನೋ ಲೆಕ್ಕ ಹಾಕುತ್ತದೆ. ಆಮೇಲೆ ಅವನ ತಾಯಿ ನೆನಪಾಗುತ್ತಾಳೆ.

ನೈಟ್ ಡ್ಯೂಟಿ:

ಅಕ್ಕ, ಆ ಲೆಕ್ಕ ಪಟ್ಟಿಯಲ್ಲಿರುವ ಪ್ರತಿ ಮನೆಯಲ್ಲೂ ನಡೆಯುತ್ತದೆ. ನನ್ನ ಮುಂದೆ ಅತ್ತುಕೊಂಡು ಹೇಳಿದವರು ಎಷ್ಟೋ ಜನ. ನಾಚಿಕೆ ಪಡಬೇಡಿ.

ನಾನು ಹನ್ನೆರಡು ವರ್ಷ ಐಸಿಯು ನರ್ಸ್ ಆಗಿದ್ದೆ, ಈಗ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್, ಅಂದರೆ ಕಸಿ ಸಂಯೋಜಕಿ, ದಾನದ ಬಗ್ಗೆ ಮನೆಯವರ ಜೊತೆ ಮಾತಾಡುವ ಕೆಲಸ. ಆಸ್ಪತ್ರೆ ಹೆಸರು ಕೇಳಬೇಡಿ.

2023ರಲ್ಲಿ ಕರ್ನಾಟಕದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು ಸುಮಾರು 12 ಸಾವಿರ. ಅದೇ ವರ್ಷ ಸತ್ತ ಮೇಲೆ ಅಂಗಾಂಗ ಕೊಟ್ಟವರು 178 ಜನ, ಅದೂ ಅಪಘಾತ, ಪಾರ್ಶ್ವವಾಯು ಎಲ್ಲ ಸೇರಿ. ದೇಶದಲ್ಲೇ ಆ ವರ್ಷ ನಾವು ಮುಂಚೂಣಿಯಲ್ಲಿದ್ದೆವು ಅಂದರೆ ನಗಬೇಡಿ. ಇಡೀ ಭಾರತಕ್ಕೆ 1,099.

ಉಳಿದವರದು ಎಲ್ಲಿ ಹೋಯಿತು ಅಂದರೆ, ಎಷ್ಟೋ ಜನ ರಸ್ತೆಯಲ್ಲೇ ಅಥವಾ ಆಂಬುಲೆನ್ಸ್‌ನಲ್ಲೇ ಹೋಗಿಬಿಡುತ್ತಾರೆ. ಹೃದಯ ನಿಂತು ರಕ್ತದ ಓಡಾಟ ನಿಂತ ಮೇಲೆ ಕಿಡ್ನಿ, ಲಿವರ್ ಬೇಗ ಕೆಡುತ್ತವೆ. ನಮ್ಮ ದೇಶದಲ್ಲಿ ಸತ್ತವರಿಂದ ಬರುವ ಅಂಗಗಳು ಹೆಚ್ಚುಕಡಿಮೆ ಎಲ್ಲವೂ ಬ್ರೇನ್ ಡೆತ್ ಆದವರದು, ಪೇಪರಿನವರು ಮೆದುಳು ನಿಷ್ಕ್ರಿಯ ಅಂತ ಬರೆಯುತ್ತಾರಲ್ಲ, ಅದು. ಅಂದರೆ ತಲೆಗೆ ಪೆಟ್ಟು ಬಿದ್ದಿರಬೇಕು ಅಥವಾ ಮೆದುಳಲ್ಲಿ ರಕ್ತಸ್ರಾವ ಆಗಿರಬೇಕು, ಜೀವ ಇರುವಾಗಲೇ ಆಸ್ಪತ್ರೆ ಸೇರಿರಬೇಕು, ವೆಂಟಿಲೇಟರ್ ಸಿಕ್ಕಿರಬೇಕು, ಮೆದುಳು ಸತ್ತಿದ್ದರೂ ಹೃದಯ ಇನ್ನೂ ಬಡಿಯುತ್ತಿರಬೇಕು. ಅಂಥ ರೋಗಿ ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದರೆ ಅಲ್ಲಿ ಪರೀಕ್ಷೆ ಮಾಡಿ ಸಹಿ ಹಾಕುವ ವೈದ್ಯರ ತಂಡ ಇರಬೇಕು.

ಆ ಪರೀಕ್ಷೆ ಹುಡುಗಾಟ ಅಲ್ಲ. ಕಣ್ಣಿಗೆ ಬೆಳಕು ಬಿಡುತ್ತಾರೆ, ಕಣ್ಣಗುಡ್ಡೆಯನ್ನು ಹತ್ತಿಯಿಂದ ಮುಟ್ಟುತ್ತಾರೆ, ಕಿವಿಗೆ ಐಸ್ ನೀರು ಹಾಕುತ್ತಾರೆ, ಕೊನೆಗೆ ವೆಂಟಿಲೇಟರ್ ತೆಗೆದು ಉಸಿರಿಗಾಗಿ ಎದೆ ಒಂದು ಸಲವಾದರೂ ಏಳುತ್ತದಾ ನೋಡುತ್ತಾರೆ. ಮೊದಲಿಂದ ಕೊನೆವರೆಗೆ ಎರಡು ಸಲ, ನಡುವೆ ಕಡಿಮೆ ಅಂದರೂ ಆರು ಗಂಟೆ ಅಂತರ. ನಾಲ್ಕು ವೈದ್ಯರ ಸಹಿ ಬೇಕು, ಆ ನಾಲ್ವರಲ್ಲಿ ಕಸಿ ಮಾಡುವ ತಂಡದವರು ಒಬ್ಬರೂ ಇರುವಂತಿಲ್ಲ. ಕೋಮಾದಲ್ಲಿ ಇರುವವರು ಎದ್ದು ಬರಬಹುದು. ಇದರಲ್ಲಿ ಯಾರೂ ಎದ್ದು ಬರುವುದಿಲ್ಲ.

ಇಷ್ಟೆಲ್ಲ ದಾಟಿ ಬಂದ ಮೇಲೆ ಮನೆಯವರನ್ನು ಕೇಳುವುದು. ನಿನ್ನೆ ಬೆಳಗ್ಗೆ ಉಪ್ಪಿಟ್ಟು ತಿಂದು ಕೆಲಸಕ್ಕೆ ಹೋದ ಮಗ. ಎದೆ ಏಳುತ್ತಾ ಇಳಿಯುತ್ತಾ ಇದೆ, ಮೈ ಬೆಚ್ಚಗಿದೆ, ಮಾನಿಟರ್‌ನಲ್ಲಿ ಗೆರೆ ಓಡುತ್ತಿದೆ. ನಾನು ಹೋಗಿ ಅವನು ಇಲ್ಲ ಅನ್ನಬೇಕು.

ಕಡ್ಡಿ ಮುರಿದಂತೆ:

ಕೇಳುವುದಕ್ಕೆ ಚೆನ್ನಾಗಿದೆ ಸಿಸ್ಟರ್. ನಮ್ಮ ಅನುಭವವನ್ನೂ ಕೇಳಿ.

2022ರಲ್ಲಿ ನಮ್ಮ ಸೋದರಮಾವ ಮಹಡಿ ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾಗಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿದರು. ಎರಡನೇ ದಿನ ಡಾಕ್ಟರ್ ಇನ್ನೂ ಏನೂ ಸರಿಯಾಗಿ ಹೇಳಿರಲಿಲ್ಲ, ಅಷ್ಟರಲ್ಲಿ ಕೋಟು ಹಾಕಿದ ಒಬ್ಬರು ಬಂದು ಲಿಫ್ಟ್ ಪಕ್ಕ ನಿಂತುಕೊಂಡು, ಬ್ರೇನ್ ಡೆಡ್ ಆಗಿದೆ, ಅಂಗದಾನದ ಬಗ್ಗೆ ಯೋಚನೆ ಮಾಡಿ ಅಂದರು. ನಮ್ಮತ್ತೆ ಅಲ್ಲೇ ಕುಸಿದು ಕೂತರು. ನಾವು ಬೇಡ ಅಂದೆವು. ಆಮೇಲೆ ನಾಲ್ಕು ದಿನ ವೆಂಟಿಲೇಟರ್ ಓಡಿತು, ನಾಲ್ಕು ದಿನದ ಬಿಲ್ಲೂ ಬಂತು. ಸತ್ತಿದ್ದರೆ ಬಿಲ್ ಯಾಕೆ? ಬದುಕಿದ್ದರೆ ಕಿಡ್ನಿ ಯಾಕೆ ಕೇಳಿದರು? ಇವತ್ತಿನವರೆಗೂ ಇದಕ್ಕೆ ಉತ್ತರ ಕೊಟ್ಟವರಿಲ್ಲ.

ಮತ್ತೆ ಆ ಅಂಗ ಯಾರಿಗೆ ಹೋಗುತ್ತದೆ? ದುಡ್ಡಿದ್ದವರಿಗೆ ತಾನೇ? ಬೆಂಗಳೂರಲ್ಲಿ ಹಿಂದೆ ಕಿಡ್ನಿ ಮಾರಾಟ ನಡೆದಿದ್ದನ್ನು ಎಲ್ಲರೂ ಮರೆತರಾ?

ನೈಟ್ ಡ್ಯೂಟಿ:

ಮರೆತಿಲ್ಲ ಸರ್. ಆ ದಂಧೆ ನಿಲ್ಲಿಸಬೇಕು ಅಂತಲೇ 1994ರ ಕಾನೂನು ಬಂದಿದ್ದು.

ನಿಮ್ಮ ಮಾವನವರ ವಿಷಯದಲ್ಲಿ ಆಗಿದ್ದು ತಪ್ಪು, ಇದರಲ್ಲಿ ಎರಡು ಮಾತಿಲ್ಲ. ಸಾವಿನ ಸುದ್ದಿ ಹೇಳುವುದು ಬೇರೆ, ದಾನ ಕೇಳುವುದು ಬೇರೆ. ಮೊದಲನೆಯದು ಮನಸ್ಸಿಗೆ ಇಳಿಯುವ ಮುಂಚೆ ಎರಡನೆಯದನ್ನು ಬಾಯಿಂದ ತೆಗೆಯಲೇಬಾರದು. ಲಿಫ್ಟ್ ಪಕ್ಕ ನಿಂತು ಅಂತೂ ಅಲ್ಲವೇ ಅಲ್ಲ. ನಾನು ಕೂರುವುದಕ್ಕೆ ಜಾಗ, ನೀರು, ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಇಷ್ಟಿಲ್ಲದೆ ಮಾತು ಶುರು ಮಾಡುವುದಿಲ್ಲ.

ಬಿಲ್ಲಿನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನನ್ನ ಪ್ರಕಾರ ಇಡೀ ಕೊರತೆಯ ಬೇರು ಇಲ್ಲಿದೆ. ನಮ್ಮ ದೇಶದಲ್ಲಿ ಮೆದುಳು ಸತ್ತರೆ ಅದನ್ನು ಸಾವು ಅಂತ ಹೇಳುವ ಕಾನೂನು ಒಂದೇ, ಅದು ಅಂಗಾಂಗ ಕಸಿಯ ಕಾನೂನು. ಹಾಗಾಗಿ ದಾನದ ಮಾತು ಬಂದಾಗ ಮಾತ್ರ ನಾಲ್ಕು ವೈದ್ಯರು ಸೇರಿ ಘೋಷಣೆ ಮಾಡುತ್ತಾರೆ. ಮನೆಯವರು ಬೇಡ ಅಂದರೆ, ವೆಂಟಿಲೇಟರ್ ತೆಗೆಯುವುದಕ್ಕೆ ತುಂಬಾ ವೈದ್ಯರು ಹೆದರುತ್ತಾರೆ, ಹೃದಯ ತಾನಾಗಿ ನಿಲ್ಲುವವರೆಗೆ ಕಾಯುತ್ತಾರೆ. ಅದಕ್ಕೇ ನಿಮಗೆ ಬಿಲ್ ಬಂದಿದ್ದು. ಇದರಿಂದ ಏನಾಗಿದೆ ಅಂದರೆ, ಬ್ರೇನ್ ಡೆತ್ ಅನ್ನುವ ಮಾತನ್ನು ಜನ ಕೇಳುವುದೇ ಕಿಡ್ನಿ ಅನ್ನುವ ಮಾತಿನ ಜೊತೆ. ಅನುಮಾನ ಬರದೆ ಇನ್ನೇನಾಗುತ್ತದೆ ಹೇಳಿ? ಕೇರಳದಲ್ಲಿ 2020ರಲ್ಲಿ ಇವೆರಡನ್ನೂ ಬಿಡಿಸಿದರು, ದಾನ ಇರಲಿ ಬಿಡಲಿ, ಮೆದುಳು ಸತ್ತಿದ್ದರೆ ಘೋಷಿಸಬೇಕು ಅಂತ. ಎಲ್ಲ ಕಡೆ ಹಾಗೇ ಆಗಬೇಕು. ಬೇಡ ಅಂದವರಿಗೂ ಅದರಿಂದ ಅನುಕೂಲವೇ.

ಯಾರಿಗೆ ಹೋಗುತ್ತದೆ ಅನ್ನುವುದು: ಹಂಚಿಕೆ ಮಾಡುವುದು ಜೀವಸಾರ್ಥಕತೆ, ರಾಜ್ಯ ಸರ್ಕಾರದ್ದು. ಸಾಮಾನ್ಯವಾಗಿ ಒಂದು ಕಿಡ್ನಿ ದಾನಿ ಇದ್ದ ಆಸ್ಪತ್ರೆಯ ಪಟ್ಟಿಗೆ, ಇನ್ನೊಂದು ಎಲ್ಲರ ಪಟ್ಟಿಗೆ. ಪಟ್ಟಿಯಲ್ಲಿ ರಕ್ತದ ಗುಂಪು, ಎಷ್ಟು ಕಾಲದಿಂದ ಡಯಾಲಿಸಿಸ್ ಇಂಥವು ಲೆಕ್ಕಕ್ಕೆ ಬರುತ್ತವೆ. ದುಡ್ಡಿಗೆ ಅಲ್ಲಿ ಜಾಗ ಇಲ್ಲ. ಆದರೆ ನಿಮ್ಮ ಮಾತು ಪೂರ್ತಿ ಸುಳ್ಳೂ ಅಲ್ಲ. ಹೆಚ್ಚಿನ ಕಸಿ ನಡೆಯುವುದು ಖಾಸಗಿ ಆಸ್ಪತ್ರೆಗಳಲ್ಲಿ, ಅಲ್ಲಿ ಹೆಸರು ಬರೆಸುವುದಕ್ಕೇ ಬಡವರು ಹಿಂಜರಿಯುತ್ತಾರೆ. ಕಿಡ್ನಿಗೆ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ, ಸರ್ಕಾರಿ. ಬಿಪಿಎಲ್ ಕಾರ್ಡ್ ಇದ್ದವರ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ನೆರವೂ ಇದೆ. ಇದು ಎಷ್ಟು ಜನಕ್ಕೆ ಗೊತ್ತು ಅನ್ನುವುದು ಬೇರೆ ಮಾತು.

ಹೇಮಾವತಿ ನಾಲೆ:

ಇದನ್ನು ಎಲ್ಲೂ ಬರೆದಿರಲಿಲ್ಲ, ಇವತ್ತು ಬರೆದುಬಿಡುತ್ತೇನೆ. ನನ್ನ ತಮ್ಮ. 26 ವರ್ಷ. ಬೈಕು, ಹೆಲ್ಮೆಟ್ ಇರಲಿಲ್ಲ. ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಮ್ಮನ್ನು ಕೇಳಿದವರು ಒಳ್ಳೆಯವರು, ನಿಧಾನವಾಗಿ ಮಾತಾಡಿದರು. ಅಪ್ಪ ಆಗಲ್ಲ ಅಂದರು. ನಾನೂ ಸುಮ್ನೆ ಇದ್ದೆ. ಆಗ ಅಮ್ಮನಿಗೆ ನೆನಪಾಗಿದ್ದು ಅಪ್ಪು ಹೋದ ದಿನ. 2021ರ ಅಕ್ಟೋಬರ್ 29, ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪುನೀತ್ ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಆಮೇಲೆ ಟಿವಿಯಲ್ಲಿ ಬಂದಾಗ ತಮ್ಮ ತಟ್ಟೆ ಹಿಡಿದುಕೊಂಡೇ, "ನಂದೂ ಬರೆಸ್ತೀನಿ ಕಣಮ್ಮ, ಎಲ್ಲಾನೂ" ಅಂದಿದ್ದ. ಬರೆಸಿರಲಿಲ್ಲ. ಅವನು ಯಾವ ಕೆಲಸವನ್ನು ಹೇಳಿದ ಟೈಮಿಗೆ ಮಾಡಿದ್ದ? ಆದರೆ ಹೇಳಿದ್ದ. ಆ ಒಂದು ಮಾತಿನ ಮೇಲೆ ಅಪ್ಪ ಸಹಿ ಹಾಕಿದರು. ಆ ಮಾತು ಇಲ್ಲದಿದ್ದರೆ ಹಾಕುತ್ತಿರಲಿಲ್ಲ, ನನಗೆ ಅಪ್ಪ ಗೊತ್ತು. ಅಂದರೆ ನಾವು ನಿರ್ಧಾರ ಮಾಡಲೇ ಇಲ್ಲ, ಅವನು ಮಾಡಿದ್ದ, ನಾವು ನಡೆಸಿಕೊಟ್ಟೆವು.

ಕಷ್ಟ ಆಗಿದ್ದು ಆಮೇಲೆ. ಅಪಘಾತದ ಕೇಸು ಅಂತ ಪೊಲೀಸರ ಕಾಗದಕ್ಕೆ ಐದು ಗಂಟೆ. ಪೋಸ್ಟ್‌ಮಾರ್ಟಂ ಬೇರೆ. ಸಹಿ ಹಾಕಿದ ಮೇಲೆ ದೇಹ ಕೈಗೆ ಸಿಗಲು ಸುಮಾರು ಹದಿನೆಂಟು ಗಂಟೆ ಹಿಡಿಯಿತು. ಊರಲ್ಲಿ ನೆಂಟರೆಲ್ಲ ಬಂದು ಅಂಗಳದಲ್ಲಿ ಕೂತಿದ್ದಾರೆ, ನಿಮಿಷಕ್ಕೊಂದು ಫೋನು. ಯಾರಾದರೂ ಕೊಡುವವರಿದ್ದರೆ ಈ ಹೊತ್ತಿನ ವಿಷಯವನ್ನು ಮನೆಯವರಿಗೆ ಮೊದಲೇ ಹೇಳಿ. ದೇಹ ಬಂದಾಗ ಹೊಲಿಗೆ ಹಾಕಿ ಬಟ್ಟೆ ಸುತ್ತಿತ್ತು, ಮುಖ ಮುಖದ ಹಾಗೇ ಇತ್ತು. ಸಹಿ ಆದ ಮೇಲಿನ ಖರ್ಚನ್ನು ನಮ್ಮ ಮೇಲೆ ಹಾಕಲಿಲ್ಲ, ಅದಕ್ಕೆ ಮುಂಚಿನ ಚಿಕಿತ್ಸೆಯ ಬಿಲ್ ನಾವೇ ಕಟ್ಟಿದೆವು.

ಎರಡು ಕಿಡ್ನಿ, ಲಿವರ್, ಎರಡು ಕಣ್ಣು. ಯಾರಿಗೆ ಅಂತ ಹೇಳುವುದಿಲ್ಲ, ನಾವೂ ಕೇಳಲಿಲ್ಲ. ಆದರೆ ಊರಲ್ಲಿ ಕೆಲವರು ಕೇಳಿದ ಪ್ರಶ್ನೆ ಒಂದೇ, "ಎಷ್ಟು ಕೊಟ್ಟರು?" ತಿಥಿಯ ದಿನ ಊಟಕ್ಕೆ ಕೂತ ಸಾಲಲ್ಲಿ ನಮ್ಮ ದೊಡ್ಡಪ್ಪನೇ ಕೇಳಿದರು. ಅಪ್ಪ ಎಲೆ ಬಿಟ್ಟು ಎದ್ದು ಹೋದರು. ಅವರಿಬ್ಬರ ಮಾತು ಇವತ್ತಿಗೂ ಅಷ್ಟಕ್ಕಷ್ಟೇ.

ಇನ್ನೊಂದು. ಹೋದ ವರ್ಷ ನಮ್ಮಜ್ಜಿ ಮನೆಯಲ್ಲೇ ತೀರಿಕೊಂಡರು, 81 ವರ್ಷ. ಅವರ ಕಣ್ಣನ್ನೂ ಕೊಟ್ಟೆವು. ಕಣ್ಣಿಗೆ ಬ್ರೇನ್ ಡೆತ್ ಬೇಕಾಗಿಲ್ಲ, ಮನೆಯಲ್ಲಿ ಸತ್ತರೂ ಆಗುತ್ತದೆ, ಆರು ಗಂಟೆಯೊಳಗೆ ತೆಗೆಯಬೇಕು ಅಷ್ಟೇ. ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ ಅಂದರು. ಅವರು ಮನೆಗೇ ಬಂದು ಅರ್ಧ ಗಂಟೆಯೊಳಗೆ ಮುಗಿಸಿಕೊಂಡು ಹೋದರು. ಈ ಸಲ ದೊಡ್ಡಪ್ಪ ಏನೂ ಕೇಳಲಿಲ್ಲ.

ಬಸವನಗುಡಿ ಬಾಯ್:

ಅಣ್ಣಾ, ಓದಿ ಕಣ್ಣಲ್ಲಿ ನೀರು ಬಂತು. ಸಂಚಾರಿ ವಿಜಯ್ ಅವರದೂ 2021ರಲ್ಲಿ ಹೀಗೇ ಬೈಕ್ ಅಪಘಾತ, ಅವರ ಮನೆಯವರೂ ಅಂಗಾಂಗ ಕೊಟ್ಟರು.

ನನ್ನ ಪ್ರಶ್ನೆ, ಯಾಕೆ ಇಷ್ಟೊಂದು ಕೇಳಿಕೊಂಡು ಕೂರಬೇಕು? ಸ್ಪೇನ್ ತರಹ ಕಾನೂನು ಮಾಡಿ, ಬೇಡ ಅಂತ ಬರೆಸದವರೆಲ್ಲ ದಾನಿಗಳೇ ಅಂತ. ಸಾಗಿಸುವುದು ಈಗ ಸಮಸ್ಯೆಯೇ ಅಲ್ಲ, 2025ರ ಆಗಸ್ಟ್‌ನಲ್ಲಿ ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ಲಿವರನ್ನು ನಮ್ಮ ಮೆಟ್ರೋದಲ್ಲೇ ಒಯ್ದರು! ಆ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಹೋಗಿದ್ದರೆ ಏನಾಗುತ್ತಿತ್ತೋ.

ನೈಟ್ ಡ್ಯೂಟಿ:

ಮೆಟ್ರೋ ವಿಷಯ ಖುಷಿಯದೇ. ಲಿವರ್ ಒಂದಷ್ಟು ಗಂಟೆ ತಡೆಯುತ್ತದೆ, ಹೃದಯಕ್ಕೆ ನಾಲ್ಕೇ ಗಂಟೆ ಅಂತ ಇಟ್ಟುಕೊಳ್ಳಿ, ಅಲ್ಲಿ ನಿಮಿಷವೂ ಲೆಕ್ಕ.

ಆದರೆ ಸ್ಪೇನ್ ಬಗ್ಗೆ ಎಲ್ಲರೂ ಅರ್ಧ ಮಾತ್ರ ಹೇಳುತ್ತಾರೆ. ಆ ಕಾನೂನು 1979ರದು. ಹತ್ತು ವರ್ಷ ಅದರಿಂದ ಅಂಥ ದೊಡ್ಡ ಬದಲಾವಣೆ ಏನೂ ಆಗಲಿಲ್ಲ. 1989ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಮಾಡಿ, ಆಸ್ಪತ್ರೆ ಆಸ್ಪತ್ರೆಗೂ ಇದೇ ಕೆಲಸಕ್ಕೆ ಒಬ್ಬರನ್ನು ಇಟ್ಟರು, ಹೆಚ್ಚಿನ ಕಡೆ ಐಸಿಯು ವೈದ್ಯರನ್ನೇ. ಅಲ್ಲಿಂದ ಏರಿತು. ಈಗ ಹತ್ತು ಲಕ್ಷ ಜನಕ್ಕೆ ಹತ್ತಿರಹತ್ತಿರ 50 ದಾನಿಗಳು. ನಮ್ಮಲ್ಲಿ ಒಂದೂ ಇಲ್ಲ. ಅಷ್ಟಿದ್ದರೂ ಅಲ್ಲಿ ಇವತ್ತಿಗೂ ಮನೆಯವರನ್ನು ಕೇಳದೆ ತೆಗೆಯುವುದಿಲ್ಲ. ಮೇಲೆ ಕಡ್ಡಿ ಮುರಿದಂತೆ ಅವರು ಬರೆದಿದ್ದನ್ನು ಓದಿ, ಇಲ್ಲಿ ಕೇಳದೆ ತೆಗೆಯುವ ಕಾನೂನು ತಂದರೆ ಜನ ಆಸ್ಪತ್ರೆಗೇ ಬೆಂಕಿ ಇಡುತ್ತಾರೆ.

ನಮ್ಮಲ್ಲೂ 2011ರ ತಿದ್ದುಪಡಿಯಲ್ಲಿ ಐಸಿಯುನಲ್ಲಿ ಕೇಳಲೇಬೇಕು ಅಂತ ಇದೆ, ಕಸಿ ಮಾಡದ ಆಸ್ಪತ್ರೆಯೂ ಅಂಗ ತೆಗೆಯಲು ಮಾತ್ರ ನೋಂದಣಿ ಮಾಡಿಸಿಕೊಳ್ಳಬಹುದು ಅಂತಲೂ ಇದೆ. ಕಾಗದ ಸಾಕಷ್ಟಿದೆ. ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಕೂತು ಮಾತಾಡುವ ಜನ ಇಲ್ಲ.

ಮೂರನೇ ಕಿಡ್ನಿ:

ಹೆಸರು ನೋಡಿ ಗಾಬರಿ ಆಗಬೇಡಿ. ಕಸಿ ಮಾಡುವಾಗ ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಹೊಸದನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ, ಹಾಗಾಗಿ ನನ್ನ ಹತ್ತಿರ ಮೂರಿದೆ, ಕೆಲಸ ಮಾಡುವುದು ಒಂದು. ಸರ್ಕಾರಿ ನೌಕರಿಯ ಹಾಗೆ.

ಶಿರಾ ಅಕ್ಕ, ನಿಮ್ಮ ಪ್ರಶ್ನೆ ಓದಿದಾಗಲೇ ಬರೆಯಬೇಕು ಅನ್ನಿಸಿತು. ಯಜಮಾನರು ಎ, ನೀವು ಬಿ ಅಂದಿರಿ. ನಿಮಗೆ ಯಾರೂ ಸ್ವಾಪ್ ಬಗ್ಗೆ ಹೇಳಲಿಲ್ಲವಾ? ಎಲ್ಲೋ ಇನ್ನೊಂದು ಮನೆಯಲ್ಲಿ ಗಂಡ ಬಿ, ಹೆಂಡತಿ ಎ ಇರುತ್ತಾರೆ. ನೀವು ಆ ಗಂಡನಿಗೆ ಕೊಡುತ್ತೀರಿ, ಆ ಹೆಂಡತಿ ನಿಮ್ಮವರಿಗೆ ಕೊಡುತ್ತಾರೆ. ಕಾನೂನಿನಲ್ಲಿ ಅವಕಾಶ ಇದೆ, ಸಮಿತಿಯ ಒಪ್ಪಿಗೆ ಬೇಕು. ಎ-ಬಿ ಜೋಡಿ ಸಿಗುವುದು ಬೇರೆಯವಕ್ಕಿಂತ ಸುಲಭ. ಓ ಗುಂಪಿನ ರೋಗಿಗಳದೇ ಕಷ್ಟ, ಅವರಿಗೆ ಓ ಮಾತ್ರ ಆಗುತ್ತದೆ. ನನ್ನದು 2019ರಲ್ಲಿ ಹೀಗೇ ಆಗಿದ್ದು. ಒಂದೇ ದಿನ, ನಾಲ್ಕು ಆಪರೇಷನ್, ಒಬ್ಬರು ಕೊಟ್ಟು ಇನ್ನೊಬ್ಬರು ಮನಸ್ಸು ಬದಲಾಯಿಸಬಾರದು ಅಂತ ಜೊತೆಗೇ ಮಾಡುತ್ತಾರೆ. ರಕ್ತದ ಗುಂಪು ಹೊಂದದಿದ್ದರೂ ಔಷಧಿ ಕೊಟ್ಟು, ರಕ್ತ ಶುದ್ಧಿ ಮಾಡಿ ಕಸಿ ಮಾಡುವ ದಾರಿಯೂ ಇದೆ, ಆದರೆ ಲಕ್ಷಗಟ್ಟಲೆ ಜಾಸ್ತಿ ಬೀಳುತ್ತದೆ.

ಒಂದು ವಿಷಯ ಮಾತ್ರ ಇವತ್ತಿಗೂ ಚುಚ್ಚುತ್ತದೆ. ಸ್ವಾಪ್‌ಗೆ ಕಾಯುತ್ತಿದ್ದ ಜೋಡಿಗಳನ್ನು ನೋಡಿದೆನಲ್ಲ, ಹೆಚ್ಚುಕಡಿಮೆ ಎಲ್ಲ ಕಡೆ ಕಾಯಿಲೆ ಗಂಡನಿಗೆ, ಕೊಡುವವಳು ಹೆಂಡತಿ. ಉಲ್ಟಾ ಜೋಡಿ ಒಂದೇ ಒಂದು ಕಂಡೆ. ಹಾಗಂತ ಹೆಂಗಸರ ಕಿಡ್ನಿ ಕೆಡುವುದೇ ಇಲ್ಲವಾ? 2023ರಲ್ಲಿ ಬದುಕಿದ್ದು ಅಂಗ ಕೊಟ್ಟವರಲ್ಲಿ ಹತ್ತಕ್ಕೆ ಆರು ಜನ ಹೆಂಗಸರು. ಸತ್ತವರಿಂದ ಬರುವುದು ಇಷ್ಟು ಕಡಿಮೆ ಇದ್ದಾಗ ಭಾರ ಬೀಳುವುದು ಮನೆಯ ಹೆಂಗಸರ ಮೇಲೇ. ನನ್ನವಳೂ ಅದರಲ್ಲಿ ಒಬ್ಬಳು, ನಾನು ಬೇರೆ ಬಾಯಲ್ಲಿ ಏನು ಮಾತಾಡಲಿ.

ಆಮೇಲೆ ಮಾತ್ರೆ. ಜೀವನ ಪೂರ್ತಿ, ಬೆಳಗ್ಗೆ ಸಂಜೆ ಅದೇ ಹೊತ್ತಿಗೆ. ಯಜಮಾನರು ಬಿಪಿ ಮಾತ್ರೆ ಬಿಟ್ಟ ಹಾಗೆ ಇದನ್ನು ಬಿಟ್ಟರೆ ನಿಮ್ಮ ಕಿಡ್ನಿಯೂ ದಂಡ. ಮೊದಲೇ ಹೇಳಿಬಿಡಿ.

ನೈಟ್ ಡ್ಯೂಟಿ:

ಸ್ವಾಪ್ ಬಗ್ಗೆ ನಾನೇ ಮೊದಲು ಹೇಳಬೇಕಿತ್ತು, ಪ್ರಶ್ನೆಯ ಹಿಂದೆ ಓಡಿದೆ. ಅಕ್ಕ, ಹೋಗಿ ಕಸಿ ಸಂಯೋಜಕರು ಯಾರು ಅಂತ ಕೇಳಿ, ಕೌಂಟರ್‌ನಲ್ಲಿ ಅಲ್ಲ.

ಮೈದುನನ ಬಗ್ಗೆ ಒಂದು ಮಾತು. ಹೆದರುವುದು ತಪ್ಪಲ್ಲ. ಕೊಡಲು ಮನಸ್ಸಿಲ್ಲದ ಎಷ್ಟೋ ಜನ ಒಳಗೆ ಬಂದು ನನ್ನ ಹತ್ತಿರ ಅಳುತ್ತಾರೆ, ಹೊರಗೆ ಮನೆಯವರಿಗೆ ಹೇಳಲು ಆಗುವುದಿಲ್ಲ. ಅಂಥವರನ್ನು ನಾವು ಬಲವಂತ ಮಾಡುವುದಿಲ್ಲ, ಮಾಡುವಂತೆಯೂ ಇಲ್ಲ.

ಕಡ್ಡಿ ಮುರಿದಂತೆ:

ಬಿಲ್ಲಿನ ವಿಷಯ ಮೂರು ವರ್ಷದಲ್ಲಿ ಯಾರಾದರೂ ಬಿಡಿಸಿ ಹೇಳಿದ್ದು ಇದೇ ಮೊದಲು. ನಮ್ಮತ್ತೆಗೆ ಓದಿ ಹೇಳುತ್ತೇನೆ. ಅಂಗದಾನಕ್ಕೆ ನನ್ನ ಹೆಸರು ಈಗಲೇ ಬರೆಸುತ್ತೇನೆ ಅಂತ ಮಾತ್ರ ತಿಳಿದುಕೊಳ್ಳಬೇಡಿ.

ಶಿರಾದವಳು:

ಎಲ್ಲರಿಗೂ ಕೈ ಮುಗಿದೆ. ಹೇಮಾವತಿ ಅಣ್ಣ, ನಿಮಗೆ ಏನು ಹೇಳಬೇಕು ಅಂತ ಎರಡು ದಿನ ಯೋಚನೆ ಮಾಡಿದೆ, ಮಾತು ಸಿಗಲಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಆಸ್ಪತ್ರೆಗೆ ಫೋನ್ ಮಾಡಿದೆ. ಸ್ವಾಪ್ ಪಟ್ಟಿ ಇದೆಯಂತೆ! ಎರಡು ವರ್ಷ ಬಾಯಿ ಬಿಟ್ಟು ಹೇಳಿರಲಿಲ್ಲ. ಸೋಮವಾರ ಬನ್ನಿ ಅಂದಿದ್ದಾರೆ. ಯಜಮಾನರು ಬೇಡ ಅನ್ನುತ್ತಿದ್ದಾರೆ, ಮಕ್ಕಳು ಚಿಕ್ಕವರು, ನಿನಗೇನಾದರೂ ಆದರೆ ಅಂತ. ಮೂರನೇ ಕಿಡ್ನಿ ಅವರ ಬರಹ ಓದಿ ಹೇಳಿದೆ, ಸರ್ಕಾರಿ ನೌಕರಿ ಅಂದಿದ್ದಕ್ಕೆ ಮಾತ್ರ ನಕ್ಕರು.

ಮೈದುನನಿಗೆ ಮೆಸೇಜ್ ಹಾಕಿದೆ. ಟೆಸ್ಟಿಗೆ ಬರಬೇಡ, ಹಬ್ಬಕ್ಕೆ ಬಾ ಅಂತ. ಓದಿದ್ದಾನೆ, ನೀಲಿ ಗೆರೆ ಬಂದಿದೆ. ಉತ್ತರ ಇನ್ನೂ ಇಲ್ಲ.

ಸಿಸ್ಟರ್, ಒಂದೇ ಅನುಮಾನ. ಗಂಡ ಹೆಂಡತಿ ಅಂತ ದಾಖಲೆ ಕೇಳುತ್ತಾರಂತೆ. ನಮ್ಮದು ದೇವಸ್ಥಾನದಲ್ಲಿ ಆದ ಮದುವೆ, ಸರ್ಟಿಫಿಕೇಟ್ ಮಾಡಿಸಿಲ್ಲ.

ನೈಟ್ ಡ್ಯೂಟಿ:

ಮದುವೆ ಫೋಟೊ ತಗೊಳ್ಳಿ, ಇಬ್ಬರ ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ. ಬೇರೆ ಏನಾದರೂ ಬೇಕಾದರೆ ಅವರೇ ಹೇಳುತ್ತಾರೆ. ಬೆಳಗ್ಗೆ ಏನೂ ತಿನ್ನದೆ ಹೋಗಿ, ಅಂದೇ ರಕ್ತ ತೆಗೆಯಬಹುದು. ಟಿಫಿನ್ ಡಬ್ಬಿ ಜೊತೆಗಿರಲಿ.